ಬರೆಯುವ ಬೆರಳಿನ ಜಡ್ಡು: ಎಂಟನೇ ತರಗತಿಯ ಒಂದು ವಿಜ್ಞಾನ ಪಾಠ ಮತ್ತು ಶಿಕ್ಷಕರಿಗೆ ಕೆಲವು ಸೂಚನೆಗಳು

ಪೀಠಿಕೆ

ಪ್ರೌಢಶಾಲೆಯ ಯಾವುದೇ ತರಗತಿಯಲ್ಲಿ ಮಕ್ಕಳ ಬರೆಯುವ ಕೈಯನ್ನು ಗಮನಿಸಿದರೆ ಅನೇಕರ ಮಧ್ಯದ ಬೆರಳಿನಲ್ಲಿ, ಕೊನೆಯ ಗೆಣ್ಣಿನ ಪಕ್ಕಕ್ಕೆ, ತೋರುಬೆರಳಿನ ಕಡೆ ಒಂದು ಗಟ್ಟಿಯಾದ ಉಬ್ಬು ಕಾಣುತ್ತದೆ. ಇದನ್ನು ಕೆಲವರು ಗಂಟು ಎನ್ನುತ್ತಾರೆ, ಕೆಲವರು ಜಡ್ಡು ಎನ್ನುತ್ತಾರೆ, ಇನ್ನು ಕೆಲವರು ದಡ್ಡು ಎನ್ನುತ್ತಾರೆ. ‘ಬೆರಳಲ್ಲಿ ಗಂಟು ಬಂದಿದೆ ಎಂದರೆ ಮಗು ಚೆನ್ನಾಗಿ ಓದುತ್ತಿದೆ’ ಎಂದು ಮನೆಯವರು ಸಮಾಧಾನಪಡುವುದೂ ಉಂಟು. ಆದರೆ ಪರೀಕ್ಷೆಯ ಎರಡನೇ ಗಂಟೆಯಲ್ಲಿ ಪೆನ್ನು ಕೆಳಗಿಟ್ಟು ಬೆರಳು ಒತ್ತಿಕೊಳ್ಳುವ ಮಗುವನ್ನು ಕೊಠಡಿ ಮೇಲ್ವಿಚಾರಣೆಗೆ ಹೋದ ಪ್ರತಿಯೊಬ್ಬರೂ ಕಂಡಿದ್ದಾರೆ. ಉತ್ತರ ಗೊತ್ತಿದ್ದೂ ಬೆರಳು ನೋಯುತ್ತದೆಂದು ನಾಲ್ಕು ಅಂಕದ ಪ್ರಶ್ನೆಗೆ ಎರಡು ಸಾಲು ಬರೆದು ಮುಗಿಸುವ ಮಗುವಿನ ಉತ್ತರಪತ್ರಿಕೆಯನ್ನು ತಿದ್ದುವಾಗ ನಮಗೆ ಕಾಣುವುದು ‘ಅಪೂರ್ಣ ಉತ್ತರ’ ಮಾತ್ರ. ಅದರ ಹಿಂದಿನ ಬೆರಳು ಕಾಣುವುದಿಲ್ಲ.

ಬೋಧನಾಭ್ಯಾಸದ ಅವಧಿಯಲ್ಲಿ ಎಂಟನೇ ತರಗತಿಗೆ ‘ಬಲ ಮತ್ತು ಒತ್ತಡ’ ಹಾಗೂ ‘ಘರ್ಷಣೆ’ ಘಟಕಗಳನ್ನು ಬೋಧಿಸುವಾಗ ಈ ವಿಷಯವನ್ನೇ ಒಂದು ಅನ್ವಯ ಪಾಠವಾಗಿ ರೂಪಿಸಿದೆ. ಮೊಳೆಯ ತುದಿ, ಒಂಟೆಯ ಪಾದ, ಶಾಲಾ ಚೀಲದ ಅಗಲ ಪಟ್ಟಿ ಇವೆಲ್ಲ ಸಾಮಾನ್ಯವಾಗಿ ಕೊಡುವ ಉದಾಹರಣೆಗಳು. ಅವುಗಳ ಜೊತೆಗೆ ಮಗು ತನ್ನ ಬೆರಳನ್ನೇ ಉದಾಹರಣೆಯಾಗಿ ನೋಡುವಂತಾದರೆ ಸೂತ್ರ ಮನಸ್ಸಿಗೆ ಇಳಿಯುತ್ತದೆ, ಬೆರಳಿಗೂ ಉಪಕಾರವಾಗುತ್ತದೆ ಎಂಬುದು ಈ ಪಾಠದ ಹಿಂದಿನ ಆಲೋಚನೆ. ಪಾಠದ ವಿವರ, ಮಕ್ಕಳ ಪ್ರತಿಕ್ರಿಯೆ ಮತ್ತು ಅದರಿಂದ ಹೊಳೆದ ಕೆಲವು ಸೂಚನೆಗಳನ್ನು ಇಲ್ಲಿ ಕೊಟ್ಟಿದೆ.

ವಿಷಯ ಜ್ಞಾನ: ಜಡ್ಡು ಎಂದರೇನು?

ನಮ್ಮ ಚರ್ಮದಲ್ಲಿ ಹೊರಚರ್ಮ ಮತ್ತು ಒಳಚರ್ಮ ಎಂಬ ಎರಡು ಮುಖ್ಯ ಪದರಗಳಿವೆ. ಹೊರಚರ್ಮವು ಒಂದರ ಮೇಲೊಂದು ಅಡುಕಿದ ಚಪ್ಪಟೆ ಕೋಶಗಳಿಂದ ಆಗಿದೆ. ಒಂಬತ್ತನೇ ತರಗತಿಯ ಅಂಗಾಂಶಗಳ ಪಾಠದಲ್ಲಿ ಬರುವ ಸ್ತರಿತ ಶಲ್ಕೀಯ ಅನುಲೇಪಕ ಅಂಗಾಂಶ ಇದೇ. ಹೊರಚರ್ಮದ ತಳದ ಪದರದಲ್ಲಿ ಹೊಸ ಕೋಶಗಳು ಹುಟ್ಟುತ್ತವೆ. ಅವು ಮೇಲಕ್ಕೆ ತಳ್ಳಲ್ಪಡುತ್ತಾ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನನ್ನು ತುಂಬಿಕೊಂಡು, ಸತ್ತು, ಕೊನೆಗೆ ಪುಡಿಯಾಗಿ ಉದುರುತ್ತವೆ. ಈ ಪ್ರಯಾಣಕ್ಕೆ ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಉಗುರು ಮತ್ತು ಕೂದಲಿನಲ್ಲಿಯೂ ಇರುವುದು ಕೆರಾಟಿನ್ನೇ.

ಒಂದೇ ಜಾಗದ ಮೇಲೆ ಒತ್ತಡ ಮತ್ತು ಉಜ್ಜುವಿಕೆ ದಿನದಿನವೂ ಬಿದ್ದರೆ, ತಳದ ಪದರ ಹೆಚ್ಚು ವೇಗವಾಗಿ ಕೋಶಗಳನ್ನು ಉತ್ಪಾದಿಸುತ್ತದೆ. ಮೇಲಿನ ಸತ್ತ ಪದರ ಉದುರುವುದಕ್ಕಿಂತ ಬೇಗ ದಪ್ಪವಾಗುತ್ತದೆ. ಹೀಗೆ ಕಟ್ಟಿಕೊಂಡ ದಪ್ಪ ಪದರವೇ ಜಡ್ಡು. ಅದು ರೋಗವಲ್ಲ, ಚರ್ಮ ತನ್ನನ್ನು ಕಾಪಾಡಿಕೊಳ್ಳುವ ರೀತಿ. ಗುದ್ದಲಿ ಹಿಡಿಯುವ ರೈತರ ಅಂಗೈಯಲ್ಲಿ, ವೀಣೆ ನುಡಿಸುವವರ ಎಡಗೈ ಬೆರಳ ತುದಿಯಲ್ಲಿ ಬರುವುದೂ ಇದೇ. ವೈಣಿಕರಿಗೆ ಆ ಗಡಸುತನ ಬೇಕೇ ಬೇಕು. ಅದಿಲ್ಲದೆ ತಂತಿ ಒತ್ತಿದರೆ ಬೆರಳು ಉರಿಯುತ್ತದೆ.

ಮಕ್ಕಳು ಒಂದನ್ನು ಇನ್ನೊಂದೆಂದು ತಿಳಿಯುವ ಕಾರಣ, ಈ ಕೆಳಗಿನ ವ್ಯತ್ಯಾಸಗಳನ್ನು ಶಿಕ್ಷಕರು ತಿಳಿದಿರುವುದು ಒಳ್ಳೆಯದು.

ಬೊಕ್ಕೆ: ಅಭ್ಯಾಸವಿಲ್ಲದ ಚರ್ಮದ ಮೇಲೆ ಒಮ್ಮೆಗೇ ಹೆಚ್ಚು ಉಜ್ಜುವಿಕೆ ಆದಾಗ ಪದರಗಳ ನಡುವೆ ನೀರು ತುಂಬಿಕೊಳ್ಳುವುದು. ಕೆಲವೇ ಗಂಟೆಗಳಲ್ಲಿ ಏಳಬಹುದು. ಜಡ್ಡಿಗೆ ವಾರಗಟ್ಟಲೆ ಬೇಕು.

ಆಣಿ: ಚಿಕ್ಕ ಜಾಗದಲ್ಲಿ ಒತ್ತಡ ಕೇಂದ್ರೀಕೃತವಾಗಿ, ನಡುವೆ ಗಟ್ಟಿ ತಿರುಳು ಕಟ್ಟಿಕೊಳ್ಳುವುದು. ಸಾಮಾನ್ಯವಾಗಿ ಕಾಲಿನಲ್ಲಿ ಬರುತ್ತದೆ. ಒತ್ತಿದರೆ ಚುಚ್ಚಿದಂತೆ ನೋಯುತ್ತದೆ.

ನರುಲಿ: ವೈರಸ್ಸಿನಿಂದ ಬರುತ್ತದೆ, ಹರಡಬಲ್ಲದು. ಜಡ್ಡಿನ ಮೇಲೆ ಚರ್ಮದ ಗೆರೆಗಳು ಮುಂದುವರಿಯುತ್ತವೆ. ನರುಲಿಯ ಮೇಲೆ ಅವು ಕಡಿದುಹೋಗಿರುತ್ತವೆ, ಕೆಲವೊಮ್ಮೆ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ. ಬರವಣಿಗೆಯ ಜಡ್ಡು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ ಎಂಬುದನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕು.

ಪಾಠ ಯೋಜನೆ

ತರಗತಿ: 8. ಅವಧಿ: 40 ನಿಮಿಷ. ಪೂರ್ವಜ್ಞಾನ: ಒತ್ತಡ ಎಂದರೆ ಏಕಮಾನ ವಿಸ್ತೀರ್ಣದ ಮೇಲೆ ಬೀಳುವ ಬಲ, ಘರ್ಷಣೆಯು ಮೇಲ್ಮೈಗಳ ಸ್ವರೂಪ ಮತ್ತು ಅವುಗಳನ್ನು ಒತ್ತುವ ಬಲವನ್ನು ಅವಲಂಬಿಸಿದೆ.

ಕಲಿಕಾ ಫಲಗಳು: ವಿದ್ಯಾರ್ಥಿಯು
1. ಬೆರಳಿನ ಜಡ್ಡಿಗೆ ಒತ್ತಡ ಮತ್ತು ಘರ್ಷಣೆ ಕಾರಣವೆಂದು ವಿವರಿಸುವನು/ಳು.
2. ಸಂಪರ್ಕ ವಿಸ್ತೀರ್ಣವನ್ನು ಅಳೆದು ಒತ್ತಡವನ್ನು ಹೋಲಿಸುವನು/ಳು.
3. ತನ್ನ ಬರವಣಿಗೆಯಲ್ಲಿ ಮಾಡಬಹುದಾದ ಒಂದು ಬದಲಾವಣೆಯನ್ನು ಕಾರಣಸಹಿತ ಸೂಚಿಸುವನು/ಳು.

ಬೋಧನೋಪಕರಣಗಳು: ರೇಖಾನಕ್ಷೆ ಹಾಳೆ, ಮೊಹರಿನ ಸ್ಟಾಂಪ್ ಪ್ಯಾಡ್, ಬಾಲ್ ಪೆನ್, ಜೆಲ್ ಪೆನ್, ಇಂಕ್ ಪೆನ್, ಹಳೆಯ ಹತ್ತಿ ಬಟ್ಟೆಯ ಪಟ್ಟಿ, ರಬ್ಬರ್ ಬ್ಯಾಂಡ್, ಬಿಳಿ ಹಾಳೆ. ಎಲ್ಲವೂ ಶಾಲೆಯಲ್ಲೋ ಮನೆಯಲ್ಲೋ ಸಿಗುವಂಥವು.

ತೊಡಗಿಸಿಕೊಳ್ಳುವಿಕೆ (5 ನಿಮಿಷ)

ಮಕ್ಕಳಿಗೆ ಎರಡೂ ಕೈಗಳ ಮಧ್ಯದ ಬೆರಳನ್ನು ಮುಟ್ಟಿ ಹೋಲಿಸಲು ಹೇಳಲಾಯಿತು. ‘ಎರಡರಲ್ಲಿ ಯಾವುದು ಗಟ್ಟಿ? ಏಕೆ?’ ಎಂಬ ಪ್ರಶ್ನೆಗೆ ಉತ್ತರ ತಾನಾಗಿ ಬಂತು. ಎಡಗೈಯಲ್ಲಿ ಬರೆಯುವ ಮಕ್ಕಳಿಗೆ ಉಬ್ಬು ಎಡಗೈಯಲ್ಲಿ ಇದ್ದದ್ದರಿಂದ ಕಾರಣ ಬರವಣಿಗೆಯೇ ಎಂದು ತರಗತಿ ತಾನೇ ತೀರ್ಮಾನಿಸಿತು. ನಾಲ್ಕು ಬೆರಳುಗಳಿಂದ ಪೆನ್ನು ಹಿಡಿಯುವವರಲ್ಲಿ ಉಬ್ಬು ಉಂಗುರದ ಬೆರಳಿಗೆ ಸರಿದಿರುತ್ತದೆ. ಪೆನ್ನು ಎಲ್ಲಿ ಒರಗುತ್ತದೆಯೋ ಅಲ್ಲಿ ಜಡ್ಡು.

ಅನ್ವೇಷಣೆ (15 ನಿಮಿಷ)

ಚಟುವಟಿಕೆ 1: ಹಾಳೆಯ ಹಿಂಬದಿ. ನೋಟ್ ಪುಸ್ತಕದ ಮೇಲೆ ಬಿಳಿ ಹಾಳೆಯಿಟ್ಟು ಎರಡು ಸಾಲು ಬರೆದು, ಹಾಳೆಯನ್ನು ತಿರುಗಿಸಿ ಕಣ್ಣು ಮುಚ್ಚಿ ಬೆರಳಾಡಿಸಬೇಕು. ಅಕ್ಷರಗಳು ಕೈಗೆ ಸಿಗುತ್ತವೆಯೆ? ಬಾಲ್ ಪೆನ್ನಿನಲ್ಲಿ ಬರೆದ ಹಾಳೆಯ ಹಿಂದೆ ಗೀರು ಎದ್ದು ಕಾಣುತ್ತದೆ. ಬಾಲ್ ಪೆನ್ನಿನ ಶಾಯಿ ಎಣ್ಣೆಯ ಆಧಾರದ, ಮಂದವಾದ ಶಾಯಿ. ಗೋಲಿ ಉರುಳಿ ಶಾಯಿ ಇಳಿಯಲು ಒತ್ತು ಬೇಕು. ಜೆಲ್ ಪೆನ್ನಿನ ಶಾಯಿ ನೀರಿನ ಆಧಾರದ್ದು, ಸುಲಭವಾಗಿ ಹರಿಯುತ್ತದೆ. ಇಂಕ್ ಪೆನ್ನಿಗೆ ಹಾಳೆಯನ್ನು ತಾಗಿಸಿದರೆ ಸಾಕು. ಪೆನ್ಸಿಲಿನಲ್ಲೂ ಇದೇ ಮಾತು: ಗಟ್ಟಿ ಸೀಸದಲ್ಲಿ ಕಪ್ಪಗೆ ಬರೆಯಲು ಹೆಚ್ಚು ಒತ್ತಬೇಕು, ಮೆದು ಸೀಸಕ್ಕೆ ಕಡಿಮೆ.

ಚಟುವಟಿಕೆ 2: ಸಂಪರ್ಕ ವಿಸ್ತೀರ್ಣ. ಪೆನ್ನಿನ ಸುತ್ತ ರೇಖಾನಕ್ಷೆ ಹಾಳೆಯ ಪಟ್ಟಿಯನ್ನು ಸುತ್ತಿ, ಮಧ್ಯದ ಬೆರಳಿನ ಪಕ್ಕಕ್ಕೆ ಸ್ಟಾಂಪ್ ಪ್ಯಾಡಿನ ಶಾಯಿ ಹಚ್ಚಿಕೊಂಡು ಎಂದಿನಂತೆ ಎರಡು ಪದ ಬರೆಯಬೇಕು. ಪಟ್ಟಿಯನ್ನು ಬಿಚ್ಚಿ, ಶಾಯಿ ತಾಗಿದ ಒಂದು ಮಿಲಿಮೀಟರಿನ ಚೌಕಗಳನ್ನು ಎಣಿಸಬೇಕು. ನಂತರ ಪೆನ್ನಿಗೆ ಬಟ್ಟೆಯ ಪಟ್ಟಿ ಸುತ್ತಿ, ಅದರ ಮೇಲೆ ಹಾಳೆ ಸುತ್ತಿ ಮತ್ತೆ ಎಣಿಸಬೇಕು.

ವಿವರಣೆ (10 ನಿಮಿಷ)

ಕಪ್ಪುಹಲಗೆಯ ಮೇಲೆ ಒಂದು ಲೆಕ್ಕ ಮಾಡಲಾಯಿತು. ಬೆರಳಿನ ಮೇಲೆ ಪೆನ್ನು 4 ನ್ಯೂಟನ್ ಬಲ ಹಾಕುತ್ತದೆ, ಅಂದರೆ ಸುಮಾರು 400 ಗ್ರಾಂ ತೂಕದಷ್ಟು ಎಂದಿಟ್ಟುಕೊಳ್ಳೋಣ. ತಾಗುವ ಜಾಗ 50 ಚದರ ಮಿಲಿಮೀಟರ್ ಇದ್ದರೆ ಒತ್ತಡ 80,000 ಪಾಸ್ಕಲ್. ಬಟ್ಟೆ ಸುತ್ತಿದ ಮೇಲೆ ಅದೇ ಬಲ 100 ಚದರ ಮಿಲಿಮೀಟರಿಗೆ ಹಂಚಿದರೆ ಒತ್ತಡ 40,000 ಪಾಸ್ಕಲ್. ಬಲ ಬದಲಾಗಲಿಲ್ಲ, ಒತ್ತಡ ಅರ್ಧವಾಯಿತು. ಶಾಲಾ ಚೀಲದ ಅಗಲ ಪಟ್ಟಿಗೂ ಬೆರಳಿಗೂ ಇರುವ ನಿಯಮ ಒಂದೇ.

ಎರಡನೆಯ ಲೆಕ್ಕ ಘರ್ಷಣೆಯದು. ಪೆನ್ನಿನ ತೂಕ ಸುಮಾರು 10 ಗ್ರಾಂ, ಅಂದರೆ 0.1 ನ್ಯೂಟನ್. ಎರಡು ಬೆರಳುಗಳ ನಡುವೆ ಅದು ಜಾರದಂತೆ ಹಿಡಿಯಲು ಎಷ್ಟು ಒತ್ತಬೇಕು? ಘರ್ಷಣಾ ಗುಣಾಂಕ 0.5 ಎಂದುಕೊಂಡರೆ ಪ್ರತಿ ಬೆರಳಿಗೆ 0.1 ನ್ಯೂಟನ್ ಸಾಕು. ಗುಣಾಂಕದ ಲೆಕ್ಕ ಎಂಟನೇ ತರಗತಿಗೆ ಹೆಚ್ಚಾದೀತು. ‘ಪೆನ್ನನ್ನು ಹಿಡಿದುಕೊಳ್ಳಲು ಅದರ ತೂಕದಷ್ಟೇ ಒತ್ತು ಸಾಕು’ ಎಂದರೆ ಮಕ್ಕಳಿಗೆ ಅರ್ಥವಾಗುತ್ತದೆ. ಬರೆಯುವಾಗ ಪೆನ್ನು ಅಲುಗಾಡದಿರಲು ಇನ್ನಷ್ಟು ಬೇಕು ನಿಜ. ಆದರೆ ನಾವು ಹಾಕುವ ಒತ್ತಿನ ದೊಡ್ಡ ಪಾಲು ಪೆನ್ನು ಕೇಳಿದ್ದಲ್ಲ. ಅವಸರ, ಭಯ ಮತ್ತು ಅಭ್ಯಾಸ ಸೇರಿಸಿದ್ದು. ಕೈ ಬೆವರಿದಾಗ ನುಣುಪು ಪೆನ್ನು ಜಾರುತ್ತದೆ, ಆಗ ಮಗು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಪೆನ್ನಿಗೆ ಸುತ್ತಿದ ಬಟ್ಟೆ ಅಥವಾ ರಬ್ಬರ್ ಇಲ್ಲಿ ಎರಡು ಕೆಲಸ ಮಾಡುತ್ತದೆ: ಜಾರುವಿಕೆಯನ್ನು ತಡೆದು ಬೇಕಾದ ಒತ್ತನ್ನು ಕಡಿಮೆ ಮಾಡುತ್ತದೆ, ಆ ಒತ್ತನ್ನು ಹೆಚ್ಚು ಜಾಗಕ್ಕೆ ಹಂಚುತ್ತದೆ.

ವಿಸ್ತರಣೆ (7 ನಿಮಿಷ) ಮತ್ತು ಮೌಲ್ಯಮಾಪನ (3 ನಿಮಿಷ)

ಗುಂಪುಗಳು ತಮಗೆ ಸಾಧ್ಯವಾದ ಪರಿಹಾರಗಳನ್ನು ಪಟ್ಟಿ ಮಾಡಿ, ಪ್ರತಿಯೊಂದೂ ಬಲವನ್ನು ಕಡಿಮೆ ಮಾಡುತ್ತದೆಯೋ, ವಿಸ್ತೀರ್ಣವನ್ನು ಹೆಚ್ಚಿಸುತ್ತದೆಯೋ, ಸಮಯವನ್ನು ಕಡಿಮೆ ಮಾಡುತ್ತದೆಯೋ ಎಂದು ವಿಂಗಡಿಸಿದವು. ಕೊನೆಯಲ್ಲಿ ಪ್ರತಿ ಮಗು ಒಂದು ವಾಕ್ಯ ಬರೆಯಿತು: ‘ನಾನು ಬದಲಿಸುವುದು ..., ಏಕೆಂದರೆ ....’

ಮಕ್ಕಳ ಪ್ರಶ್ನೆಗಳು

ಪಾಠದ ಯಶಸ್ಸನ್ನು ಉತ್ತರಗಳಿಗಿಂತ ಪ್ರಶ್ನೆಗಳಿಂದ ತಿಳಿಯಬಹುದು. ಎರಡು ಪ್ರಶ್ನೆಗಳು ಇಲ್ಲಿ ದಾಖಲಿಸಲು ಯೋಗ್ಯವಾಗಿವೆ.

ಒಬ್ಬ ವಿದ್ಯಾರ್ಥಿನಿ ಕೇಳಿದಳು: ‘ಜಡ್ಡು ಚರ್ಮವನ್ನು ಕಾಪಾಡುವುದಾದರೆ ಅದನ್ನು ತೆಗೆದ ಮೇಲೆ ಬರೆದರೆ ಇನ್ನೂ ನೋಯುವುದಿಲ್ಲವೆ?’ ಇದು ಸರಿಯಾದ ತರ್ಕ. ಮೊದಲು ಒತ್ತಡ ಕಡಿಮೆಯಾಗಬೇಕು, ಆಮೇಲೆ ಜಡ್ಡು ತಾನಾಗಿ ತೆಳುವಾಗಬೇಕು. ಕಾರಣವನ್ನು ಹಾಗೆಯೇ ಬಿಟ್ಟು ಜಡ್ಡನ್ನು ಮಾತ್ರ ಉಜ್ಜಿದರೆ ಅದು ಮತ್ತೆ ಬರುತ್ತದೆ. ಆದ್ದರಿಂದ ಪರೀಕ್ಷೆಯ ಹಿಂದಿನ ವಾರದಲ್ಲಿ ಜಡ್ಡನ್ನು ಉಜ್ಜಿ ತೆಗೆಯಬಾರದು. ಮೂರು ಗಂಟೆ ಬರೆಯಬೇಕಾದ ದಿನ ಬೆರಳಿಗೆ ಆ ರಕ್ಷಣೆ ಇರಲಿ. ತೆಳುವಾಗಿಸುವ ಕೆಲಸಕ್ಕೆ ರಜೆಯ ದಿನಗಳು ಸರಿಯಾದ ಕಾಲ.

ಇನ್ನೊಬ್ಬ ವಿದ್ಯಾರ್ಥಿ ಕೇಳಿದ: ‘ಅಡಿಕೆ ಸುಲಿದು ಸುಲಿದು ಅಮ್ಮನ ಕೈ ಪೂರ್ತಿ ಹೀಗೇ ಆಗಿದೆ. ಅದೂ ಹೋಗುತ್ತದೆಯೆ?’ ಒತ್ತಡ ನಿಂತರೆ ಕೆಲವು ವಾರಗಳಿಂದ ಕೆಲವು ತಿಂಗಳಲ್ಲಿ ಜಡ್ಡು ಕರಗುತ್ತದೆ ಎಂಬುದು ವಿಜ್ಞಾನದ ಉತ್ತರ. ಸುಗ್ಗಿಯಲ್ಲಿ ಅವರ ಕೆಲಸ ನಿಲ್ಲುವುದಿಲ್ಲ ಎಂಬುದು ತರಗತಿಗೂ ಗೊತ್ತಿತ್ತು. ಆಗ ತರಗತಿಯೇ ಮುಂದುವರಿಸಿತು: ಮೆಟ್ಟುಗತ್ತಿಯ ಕೆಲಸದಲ್ಲಿ ಬೆರಳಿಗೆ ಬಟ್ಟೆ ಸುತ್ತಿಕೊಳ್ಳುವುದು ಏಕೆಂದು ಈಗ ತಿಳಿಯಿತು, ರಾತ್ರಿ ಕೈಗೆ ಎಣ್ಣೆ ಹಚ್ಚಬಹುದು. ಪಾಠ ಪುಸ್ತಕದಿಂದ ಮನೆಯವರೆಗೆ ಹೋದದ್ದು ಇಲ್ಲಿ. ಇಂಥ ಪ್ರಶ್ನೆಗೆ ಪಾಠ ಯೋಜನೆಯಲ್ಲಿ ಎರಡು ನಿಮಿಷ ಬಿಟ್ಟಿರಬೇಕು.

ತಡೆಯುವ ಕ್ರಮಗಳು

1. ಹಿಡಿತ: ಹೆಬ್ಬೆರಳು ಮತ್ತು ತೋರುಬೆರಳಿನಿಂದ ಹಿಡಿದು ಮಧ್ಯದ ಬೆರಳಿನ ಮೇಲೆ ಒರಗಿಸುವುದು ಸಾಮಾನ್ಯ ಹಿಡಿತ. ತುದಿಯಿಂದ 2ರಿಂದ 3 ಸೆಂಟಿಮೀಟರ್ ಮೇಲೆ ಹಿಡಿಯಬೇಕು. ನೋವಿಲ್ಲದೆ, ಓದಲು ಬರುವಂತೆ ಬರೆಯುವ ಮಗುವಿನ ಹಿಡಿತ ಬೇರೆಯಾಗಿದ್ದರೂ ಎಂಟನೇ ತರಗತಿಯಲ್ಲಿ ಅದನ್ನು ಬಲವಂತವಾಗಿ ಬದಲಿಸಬಾರದು. ಬದಲಿಸಬೇಕಾದದ್ದು ಬಿಗಿ ಮಾತ್ರ.

2. ಬಿಗಿ ಪರೀಕ್ಷೆ: ಬರೆಯುವಾಗ ಉಗುರಿನ ತುದಿ ಬಿಳಿಚಿಕೊಂಡಿದ್ದರೆ ಹಿಡಿತ ಹೆಚ್ಚು ಬಿಗಿ ಎಂದರ್ಥ. ಪಕ್ಕದವರು ಪೆನ್ನಿನ ಹಿಂತುದಿಯನ್ನು ಮೆಲ್ಲಗೆ ಎಳೆದರೆ ಅದು ಸ್ವಲ್ಪ ಪ್ರತಿರೋಧದೊಂದಿಗೆ ಜಾರಿ ಬರಬೇಕು.

3. ಸಾಧನ: ತೀರಾ ಸಪೂರ ಪೆನ್ನು, ತುಂಡು ಪೆನ್ಸಿಲು, ಚೂರು ಬಳಪ ಇವೆಲ್ಲ ಬೆರಳನ್ನು ಚಿವುಟಿ ಹಿಡಿಯುವಂತೆ ಮಾಡುತ್ತವೆ. ಹೊಸ ಪೆನ್ನು ಕೊಳ್ಳಲಾಗದಿದ್ದರೆ ಬಟ್ಟೆಯ ಪಟ್ಟಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಬಹುದು. ತುಂಡು ಪೆನ್ಸಿಲಿನ ಹಿಂದೆ ಖಾಲಿ ಪೆನ್ನಿನ ಕೊಳವೆ ಸಿಕ್ಕಿಸಿದರೆ ಉದ್ದವಾಗುತ್ತದೆ.

4. ಹಾಳೆ ಮತ್ತು ಆಸನ: ಬಲಗೈಯವರು ಹಾಳೆಯ ಮೇಲ್ತುದಿಯನ್ನು ಸ್ವಲ್ಪ ಎಡಕ್ಕೆ, ಎಡಗೈಯವರು ಬಲಕ್ಕೆ ಓರೆ ಮಾಡಬೇಕು. ಎಡಗೈಯವರನ್ನು ಬೆಂಚಿನ ಎಡತುದಿಯಲ್ಲಿ ಕೂರಿಸಿದರೆ ಮೊಣಕೈ ತಾಗುವುದಿಲ್ಲ. ನೆಲದ ಮೇಲೆ ಕುಳಿತು ತೊಡೆಯ ಮೇಲಿಟ್ಟು ಬರೆಯುವ ಮಗುವಿಗೆ ಒಂದು ಮಣೆ ಅಥವಾ ರಟ್ಟಿನ ಪ್ಯಾಡು ಸಾಕು. ಮುಂಗೈಗೆ ಆಸರೆ ಸಿಕ್ಕರೆ ಬೆರಳಿನ ಬಿಗಿ ಸಡಿಲುತ್ತದೆ.

5. ವಿರಾಮ: ಪ್ರತಿ ದೀರ್ಘ ಉತ್ತರದ ನಂತರ ಪೆನ್ನು ಕೆಳಗಿಟ್ಟು ಐದು ಸಲ ಮುಷ್ಟಿ ತೆರೆದು ಮುಚ್ಚುವುದು. ಇದಕ್ಕೆ ಹತ್ತು ಸೆಕೆಂಡು ಸಾಕು.

ಬಂದ ಮೇಲೆ ಆರೈಕೆ

ನೋವಿಲ್ಲದ ಜಡ್ಡನ್ನು ಹಾಗೆಯೇ ಬಿಡಬಹುದು. ನೋಯುತ್ತಿದ್ದರೆ ಉಗುರು ಬೆಚ್ಚಗಿನ ನೀರಿನಲ್ಲಿ ಐದರಿಂದ ಹತ್ತು ನಿಮಿಷ ಬೆರಳನ್ನು ನೆನೆಸಿ, ಒದ್ದೆ ಬಟ್ಟೆಯಿಂದ ಮೃದುವಾಗಿ ಉಜ್ಜಿ, ಒರೆಸಿ, ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಬೇಕು. ಬರೆಯುವಾಗ ಆ ಜಾಗಕ್ಕೆ ಅಂಟುಪಟ್ಟಿ ಸುತ್ತಿಕೊಳ್ಳಬಹುದು. ಬ್ಲೇಡಿನಿಂದ ಕೆತ್ತುವುದು, ಹಲ್ಲಿನಿಂದ ಕಚ್ಚಿ ಸುಲಿಯುವುದು ಎರಡೂ ಅಪಾಯ. ಎರಡೂ ಮಕ್ಕಳಲ್ಲಿ ಸಾಮಾನ್ಯ. ಕಾಲಿನ ಆಣಿಗೆ ಅಂಗಡಿಯಲ್ಲಿ ಸಿಗುವ ಔಷಧದ ಪಟ್ಟಿಗಳಲ್ಲಿ ಚರ್ಮ ಕರಗಿಸುವ ಆಮ್ಲ ಇರುತ್ತದೆ, ಅವನ್ನು ವೈದ್ಯರನ್ನು ಕೇಳದೆ ಬಳಸಬಾರದು. ಕೆಂಪಾಗುವುದು, ಬಿಸಿಯಾಗುವುದು, ಕೀವು, ರಕ್ತ ಕಂಡರೆ ವೈದ್ಯರಿಗೆ ತೋರಿಸಬೇಕು. ಮಧುಮೇಹವಿರುವ ಮಗುವಾದರೆ ಕಾಯದೆ ತೋರಿಸಬೇಕು. ಬೆರಳು ಜೋಮು ಹಿಡಿಯುವುದು, ಮಣಿಕಟ್ಟಿನ ನೋವು, ಬರೆಯಲು ತೊಡಗಿದ ಕೂಡಲೇ ಕೈ ಸೆಟೆದುಕೊಳ್ಳುವುದು ಜಡ್ಡಿನ ಲಕ್ಷಣಗಳಲ್ಲ. ಅವಕ್ಕೆ ಬೇರೆ ಪರೀಕ್ಷೆ ಅಗತ್ಯ.

ಶಿಕ್ಷಕರ ಪಾಲು

ಮೇಲಿನ ಕ್ರಮಗಳೆಲ್ಲ ಮಗು ಮಾಡಬೇಕಾದವು. ಒತ್ತಡದ ಸೂತ್ರದಲ್ಲಿ ಕಾಣದ ಇನ್ನೊಂದು ಅಂಶವಿದೆ, ಅದು ಬರವಣಿಗೆಯ ಪ್ರಮಾಣ. ಅದನ್ನು ನಿರ್ಧರಿಸುವವರು ನಾವು. ಪ್ರೌಢಶಾಲೆಯಲ್ಲಿ ಆರು ವಿಷಯಗಳು. ಪ್ರತಿ ಶಿಕ್ಷಕರು ‘ಎರಡೇ ಪುಟ’ ಮನೆಗೆಲಸ ಕೊಟ್ಟರೂ ಮಗುವಿಗೆ ಅದು ಹನ್ನೆರಡು ಪುಟ. ಯಾರೊಬ್ಬರೂ ಹೆಚ್ಚು ಕೊಟ್ಟಿಲ್ಲ, ಆದರೆ ಬೆರಳು ಒಂದೇ. ಶಿಕ್ಷಕರ ಕೊಠಡಿಯ ಫಲಕದ ಮೇಲೆ ತರಗತಿವಾರು ಮನೆಗೆಲಸ ಬರೆಯುವ ಕ್ರಮವಿದ್ದರೆ ಈ ಮೊತ್ತ ಎಲ್ಲರಿಗೂ ಕಾಣುತ್ತದೆ.

ತಪ್ಪಿದ ಪದವನ್ನು, ಉತ್ತರವನ್ನು ಹತ್ತು, ಇಪ್ಪತ್ತು ಸಲ ಬರೆಸುವ ರೂಢಿ ಇನ್ನೂ ಇದೆ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಪ್ರಕರಣವು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೆರಳು ನೋಯುವವರೆಗೆ ಬರೆಸುವುದನ್ನು ‘ಅಭ್ಯಾಸ’ ಎಂದು ಕರೆದ ಮಾತ್ರಕ್ಕೆ ಅದು ಶಿಕ್ಷೆಯಲ್ಲದೆ ಹೋಗುವುದಿಲ್ಲ. ಕಲಿಕೆಯ ದೃಷ್ಟಿಯಿಂದಲೂ ಲಾಭ ಕಡಿಮೆ: ಐದನೇ ಸಲದ ಹೊತ್ತಿಗೆ ಕೈ ಬರೆಯುತ್ತದೆ, ಮನಸ್ಸು ಬೇರೆಡೆ ಇರುತ್ತದೆ. ಮೊದಲು ಎಲ್ಲಾ ‘ನಾನು’, ಆಮೇಲೆ ಎಲ್ಲಾ ‘ಶಾಲೆಗೆ’ ಎಂದು ಕಂಬಸಾಲಾಗಿ ಬರೆದು ಮುಗಿಸುವ ಮಕ್ಕಳೇ ಇದಕ್ಕೆ ಸಾಕ್ಷಿ. ಅದರ ಬದಲು ಪುಸ್ತಕ ಮುಚ್ಚಿ ನೆನಪಿನಿಂದ ಇಂದು ಒಮ್ಮೆ, ಎರಡು ದಿನ ಬಿಟ್ಟು ಒಮ್ಮೆ, ವಾರದ ನಂತರ ಒಮ್ಮೆ ಬರೆಸಿದರೆ ಮೂರೇ ಬರಹದಲ್ಲಿ ನೆನಪು ಗಟ್ಟಿಯಾಗುತ್ತದೆ.

ಹಾಗೆಂದು ಬರವಣಿಗೆಯನ್ನೇ ಕಡಿಮೆ ಮಾಡಿದರೂ ಮಗುವಿಗೆ ನಷ್ಟ. ಎಸ್ಸೆಸ್ಸೆಲ್ಸಿಯಲ್ಲಿ ಮೂರು ಗಂಟೆ ಬರೆಯಲೇಬೇಕು, ಆ ಸಾಮರ್ಥ್ಯ ಒಂದೇ ತಿಂಗಳಲ್ಲಿ ಬರುವುದಿಲ್ಲ. ಎಂಟನೇ ತರಗತಿಯಿಂದಲೇ 20 ನಿಮಿಷ, 40 ನಿಮಿಷ, ಒಂದು ಗಂಟೆ ಎಂದು ಏರುಕ್ರಮದಲ್ಲಿ, ಸ್ವಂತ ವಾಕ್ಯಗಳಲ್ಲಿ ಬರೆಯುವ ರೂಢಿ ಮಾಡಿಸಬೇಕು. ಪ್ರಶ್ನೋತ್ತರ ನಕಲು ಮಾಡುವ ಪುಟಗಳನ್ನು ಉಳಿಸಿ ಅವನ್ನು ಈ ಅಭ್ಯಾಸಕ್ಕೆ ಕೊಟ್ಟರೆ ಬೆರಳಿನ ಶ್ರಮ ಸಾರ್ಥಕವಾಗುತ್ತದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠವನ್ನು ಮಾಡುವವರು ಮೂರು ವಿಷಯ ಗಮನಿಸಬೇಕು. ಒಂದು, ಸ್ಟಾಂಪ್ ಪ್ಯಾಡನ್ನು ಗುಂಪಿಗೊಂದರಂತೆ ಕೊಟ್ಟು, ಕೈ ಒರೆಸಲು ಬಟ್ಟೆ ಇಡಬೇಕು. ಇಲ್ಲದಿದ್ದರೆ ಸಮವಸ್ತ್ರಕ್ಕೆ ಕಲೆಯಾಗುತ್ತದೆ. ಎರಡು, ಯಾವ ಮಗುವಿನ ಬೆರಳನ್ನೂ ಎಲ್ಲರ ಮುಂದೆ ಎತ್ತಿ ತೋರಿಸಬಾರದು, ಪ್ರತಿಯೊಬ್ಬರೂ ತಮ್ಮದನ್ನೇ ನೋಡಿಕೊಳ್ಳಲಿ. ಮೂರು, ಪಾಠದ ಎರಡು ವಾರಗಳ ನಂತರ ಹಾಳೆಯ ಹಿಂಬದಿಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ, ಮೊದಲ ಹಾಳೆಯೊಂದಿಗೆ ಹೋಲಿಸಬೇಕು. ಗೀರು ಮೆದುವಾಗಿದ್ದರೆ ಪಾಠ ಬೆರಳಿಗೆ ತಲುಪಿದೆ ಎಂದರ್ಥ, ಇದನ್ನೇ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿಯೂ ದಾಖಲಿಸಬಹುದು.

ಪಾಠ ಯೋಜನೆಗಳನ್ನೂ ದಾಖಲೆ ಪುಸ್ತಕಗಳನ್ನೂ ಕೈಯಲ್ಲೇ ಬರೆಯುವ ನಮ್ಮ ಬೆರಳುಗಳಿಗೂ ಈ ಸೂಚನೆಗಳು ಅನ್ವಯಿಸುತ್ತವೆ. ಮುಂದೆ ಮನೆಗೆಲಸ ಕೊಡುವಾಗ ಉತ್ತರದ ಉದ್ದವನ್ನಷ್ಟೇ ಅಲ್ಲ, ಅದನ್ನು ಬರೆಯಲು ಹಿಡಿಯುವ ನಿಮಿಷಗಳನ್ನೂ ಲೆಕ್ಕ ಹಾಕುವ ರೂಢಿ ನಮ್ಮಲ್ಲಿ ಬೆಳೆಯಲಿ.